1.4 ಲಕ್ಷದಲ್ಲಿ ಸೊಂಟ ನೋಯದ ಕಾರ್ಬನ್ ರೋಡ್ ಬೈಕ್: ನಮ್ಮ ಮೇಷ್ಟ್ರ ಕೇಸು

ಮೊದಲು ಗಿರಾಕಿ ಯಾರು ಅಂತ ಹೇಳ್ಬಿಡ್ತೀನಿ, ಯಾಕಂದ್ರೆ ಈ ಕೇಸಲ್ಲಿ ಬೈಕ್‌ಗಿಂತ (ಸೈಕಲ್ಲೇ, ನಾವು ಬೈಕ್ ಅಂತೀವಿ ಅಷ್ಟೇ) ಜಾಸ್ತಿ ವಿಷಯ ಇರೋದು ಅಲ್ಲೇ. ವಯಸ್ಸು 49, ಎತ್ತರ 168 ಸೆಂ.ಮೀ., ತೂಕ 82 ಕೆಜಿ, ಮೈಸೂರಿನ ಕಾಲೇಜೊಂದ್ರಲ್ಲಿ ಕಾಮರ್ಸ್ ಮೇಷ್ಟ್ರು, ಒಂದು ಕಾಲದಲ್ಲಿ ನನಗೂ ಪಾಠ ಮಾಡಿದವ್ರು. ಸೊಂಟದಲ್ಲಿ ಹಳೇ ಡಿಸ್ಕ್ ತೊಂದರೆ ಇದೆ, ಫಿಸಿಯೋ ಹತ್ರ ಕೇಳಿದ್ದಾರೆ, ಸೈಕಲ್ ಹೊಡೀರಿ ಪರವಾಗಿಲ್ಲ ಆದ್ರೆ ಪೂರ್ತಿ ಬಗ್ಗಿ ಕೂತ್ಕೋಬೇಡಿ ಅಂದಿದ್ದಾರೆ. ಮನೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ನಾಲ್ಕು ವರ್ಷದಿಂದ ಒಂದು ಹೈಬ್ರಿಡ್ (ನೇರ ಹ್ಯಾಂಡಲಿನ ಸೈಕಲ್ಲು) ಇಟ್ಕೊಂಡು ಚಾಮುಂಡಿ ಬೆಟ್ಟ, ಶ್ರೀರಂಗಪಟ್ಟಣ, ಬನ್ನೂರು ಅಂತ ಓಡಾಡ್ತಾ ಇದ್ರು, ಈಗ 200 ಕಿ.ಮೀ. ಬಿಆರ್‌ಎಂ, ಅಂದ್ರೆ ಕೊಟ್ಟ ಟೈಮಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, ಮಾಡ್ಬೇಕು ಅನ್ನೋ ಆಸೆ. ಅದಕ್ಕೆ ಕೊಡೋ ಟೈಮ್ 13 ಗಂಟೆ 30 ನಿಮಿಷ, ಹೈಬ್ರಿಡ್‌ನಲ್ಲೂ ಮಾಡೋರು ಇದ್ದಾರೆ, ಆದ್ರೆ ಇವ್ರಿಗೆ 80 ಕಿ.ಮೀ. ದಾಟ್ತಿದ್ದ ಹಾಗೆ ಅಂಗೈ ಮರಗಟ್ಟೋದು, ಕುತ್ತಿಗೆ ಹಿಡ್ಕೊಳೋದು.

ಬಜೆಟ್ಟು 1,40,000 ರೂಪಾಯಿ. ಅರಿಯರ್ಸ್ ಬಂದಿದ್ದ ದುಡ್ಡು. ಮನೇಲಿ ಮೇಡಂ ಒಪ್ಪಿದ್ದು ಒಂದೇ ಕಂಡೀಷನ್ ಮೇಲೆ, ಹೆಲ್ಮೆಟ್ಟು ಲೈಟು ಸರ್ವೀಸು ಎಲ್ಲಾ ಸೇರಿ ಇಷ್ಟೇ, ಆಮೇಲೆ ಪೆಡಲ್ ತರಬೇಕು ಪಂಪ್ ತರಬೇಕು ಅಂತ ಬರಂಗಿಲ್ಲ. ನಂಗೆ ಆ ಕಂಡೀಷನ್ ತುಂಬಾ ಇಷ್ಟ ಆಯ್ತು. ಸಾಮಾನ್ಯವಾಗಿ ಜನ ಇರೋ ದುಡ್ಡನ್ನೆಲ್ಲಾ ಫ್ರೇಮಿಗೆ ಸುರಿದು, ಕೊನೆಗೆ ಅಂಗಡಿಯವ್ರು ಕೊಟ್ಟ ಸೀಟಲ್ಲೇ ಕೂತು ಒದ್ದಾಡ್ತಾ ಇರ್ತಾರೆ.

ಮೇಷ್ಟ್ರ ಬೇಡಿಕೆ ನೇರ ಇತ್ತು: "ನೋಡು ಕಣಯ್ಯಾ, ಕಾರ್ಬನ್ ಅಂದ್ರೆ ರೋಡಿನ ಕುಲುಕಾಟ ಎಲ್ಲಾ ನುಂಗಿಬಿಡುತ್ತೆ ಅಂತಾರೆ, ನಂಗೊಂದು ಕಾರ್ಬನ್ ಬೈಕ್ ಹುಡುಕಿಕೊಡು." ಇದೇ ಮಾತನ್ನ ನಾನು ಸೈಕಲ್ ರಿಪೇರಿ ಬೆಂಚಲ್ಲಿ ಕೆಲಸ ಮಾಡ್ತಾ ಎಷ್ಟು ಜನರ ಬಾಯಲ್ಲಿ ಕೇಳಿದ್ದೀನೋ ಲೆಕ್ಕ ಇಲ್ಲ. ಕಾರ್ಬನ್ ನುಂಗುತ್ತೆ ಅನ್ನೋದು ಪೂರ್ತಿ ಸುಳ್ಳಲ್ಲ, ಆದ್ರೆ ಕಾರ್ಬನ್ನಿಗೆ ತನ್ನದೇ ಅಂತ ಒಂದು ಗುಣ ಇಲ್ಲ ಸ್ವಾಮಿ, ನೂಲಿನ ಹಾಳೆಗಳನ್ನ ಯಾವ ದಿಕ್ಕಿಗೆ ಎಷ್ಟು ಪದರ ಹಾಕಿ ರೆಸಿನ್ ಅನ್ನೋ ಅಂಟಲ್ಲಿ ಬೇಯಿಸಿದ್ದಾರೆ, ಪೈಪು ಎಷ್ಟು ದಪ್ಪ, ಇದರ ಮೇಲೆ ಎಲ್ಲಾ ನಿಂತಿರೋದು. ಸ್ಪ್ರಿಂಟ್ ಹೊಡೆಯೋರಿಗೆ ಅಂತ ಮಾಡಿದ ರೇಸ್ ಫ್ರೇಮು ಕಾರ್ಬನ್ನೇ ಆದ್ರೂ ಹಲಗೆ ಥರ ಇರುತ್ತೆ. ಅದೇ ಕಂಪನಿ ದೂರ ಆರಾಮಾಗಿ ಹೋಗೋರಿಗೆ ಎಂಡ್ಯೂರೆನ್ಸ್ ಅಂತ ಬೇರೆ ಫ್ರೇಮ್ ಮಾಡುತ್ತೆ, ಅದರ ಲೆಕ್ಕಾಚಾರನೇ ಬೇರೆ. ಟ್ರೆಕ್ ಕಂಪನಿ 2012ರಲ್ಲಿ ಡೊಮಾನೆ ಅನ್ನೋ ಬೈಕ್ ತಂದಾಗ ಸೀಟ್ ಕೆಳಗಿನ ಪೈಪು (ಸೀಟ್ ಟ್ಯೂಬು), ಮೇಲಿನ ಪೈಪು (ಟಾಪ್ ಟ್ಯೂಬು) ಸೇರೋ ಜಾಗದಲ್ಲಿ ಐಸೋಸ್ಪೀಡ್ ಅಂತ ಒಂದು ಕೀಲು ಇಟ್ರು, ಸೀಟ್ ಟ್ಯೂಬ್ ತನ್ನಷ್ಟಕ್ಕೆ ತಾನು ಬಾಗೋ ಹಾಗೆ. ಸ್ಪೆಷಲೈಸ್ಡ್‌ನ ರೂಬೆ, ಹೆಸರೇ ಪ್ಯಾರಿಸ್-ರೂಬೆ ಕಲ್ಲುಹಾಸಿನ ರೇಸಿಂದ ಬಂದಿದ್ದು, ಅದರಲ್ಲಿ ಹ್ಯಾಂಡಲನ್ನ ಹಿಡ್ಕೊಂಡಿರೋ ಸ್ಟೆಮ್ ಕೆಳಗೆ 20 ಮಿ.ಮೀ. ಆಡೋ ಸ್ಪ್ರಿಂಗ್ ಇದೆ, ಫ್ಯೂಚರ್ ಶಾಕ್ ಅಂತಾರೆ. ಜೈಂಟ್‌ನವ್ರ ಡಿಫೈನಲ್ಲಿ ಸೀಟ್‌ಪೋಸ್ಟನ್ನ (ಸೀಟ್ ಹೊರೋ ಕಂಬ) ಇಂಗ್ಲಿಷ್ ಡಿ ಅಕ್ಷರದ ಆಕಾರದಲ್ಲಿ ಮಾಡಿದ್ದಾರೆ, ಹಿಂದಗಡೆ ಚಪ್ಪಟೆ, ಗುಂಡಿಗೆ ಬಿದ್ದಾಗ ಸ್ವಲ್ಪ ಹಿಂದಕ್ಕೆ ಬಾಗುತ್ತೆ. ಅಂದ್ರೆ ಕಂಪನಿಗಳೇ ಬರೀ ಕಾರ್ಬನ್ ಸಾಲಲ್ಲ ಅಂತ ಒಪ್ಕೊಂಡು ಏನೇನೋ ಕಸರತ್ತು ಮಾಡ್ತಾ ಇದ್ದಾರೆ.

ಇಷ್ಟೆಲ್ಲಾ ಹೇಳಿದ್ರೂ ಮೇಷ್ಟ್ರು ನಂಬಲಿಲ್ಲ, ನಂಬಬೇಕಾಗೂ ಇರಲಿಲ್ಲ. ಅದಕ್ಕೆ ಒಂದು ಭಾನುವಾರ ಬೆಳಿಗ್ಗೆ ಎರಡು ಬೈಕ್ ಎರವಲು ತಂದೆ. ಒಂದು ನಮ್ಮ ಗುಂಪಿನ ಹುಡುಗನ ಕಾರ್ಬನ್ ರೇಸ್ ಬೈಕು, 25 ಮಿ.ಮೀ. ಟೈರು, ಅವನು ಯಾವಾಗಲೂ 100 ಪಿಎಸ್‌ಐ ಹೊಡ್ಕೊಂಡು ಓಡ್ಸೋನು. ಇನ್ನೊಂದು ಸಾದಾ ಅಲ್ಯೂಮಿನಿಯಂ ಎಂಡ್ಯೂರೆನ್ಸ್ ಬೈಕು, ಫೋರ್ಕ್ ಮಾತ್ರ ಕಾರ್ಬನ್, 32 ಮಿ.ಮೀ. ಟೈರು, ಅದಕ್ಕೆ ನಾನೇ 60 ಪಿಎಸ್‌ಐಗೆ ಇಳಿಸಿದ್ದೆ. ಬನ್ನೂರು ರೋಡಲ್ಲಿ ತೇಪೆ ಮೇಲೆ ತೇಪೆ ಹಾಕಿದ ಒಂದು ತುಂಡಿದೆ, ಅದೇ ತುಂಡಲ್ಲಿ ಎರಡನ್ನೂ ಹೋಗಿ ಬಂದು ಹೋಗಿ ಬಂದು ಮಾಡಿಸಿದೆ. ಕಾರ್ಬನ್ ಮೇಲೆ ಹೋದಾಗ ಮೇಷ್ಟ್ರು ಬಾಟಲಿಂದ ನೀರು ಕುಡಿಯಕ್ಕೆ ಒಂದು ಕೈ ಬಿಡೋಕೇ ಹೆದರಿದ್ರು, ಹ್ಯಾಂಡಲ್ ಅಷ್ಟು ನಡುಗ್ತಿತ್ತು. ಅಲ್ಯೂಮಿನಿಯಂ ಮೇಲೆ ಬರ್ತಾ ಒಂದು ಕೈಲಿ ಹಿಡ್ಕೊಂಡು ಮಾತಾಡ್ತಾ ಬಂದ್ರು. ಇಳಿದವ್ರೇ, "ಹಂಗಾದ್ರೆ ಕಾರ್ಬನ್ ಯಾಕಯ್ಯಾ ತಗೋಬೇಕು?"

ಒಳ್ಳೇ ಪ್ರಶ್ನೆ. ಅಲ್ಯೂಮಿನಿಯಂ ಎಂಡ್ಯೂರೆನ್ಸ್ ಹೊಸದೇ ತಗೊಂಡು, ಅಗಲ ಟೈರು ಹಾಕಿ, ಒಂದು ಕಾರ್ಬನ್ ಸೀಟ್‌ಪೋಸ್ಟ್ ಕೂರಿಸಿದ್ರೆ ಮುಕ್ಕಾಲು ಜನಕ್ಕೆ ಅಷ್ಟೇ ಸಾಕು, ವಾರಂಟಿನೂ ಇರುತ್ತೆ, ರಾತ್ರಿ ನಿದ್ದೆನೂ ಬರುತ್ತೆ. ನಾನು ಅದನ್ನೇ ಮೊದಲು ಹೇಳಿದ್ದು. ಆದ್ರೆ ಮೇಷ್ಟ್ರ ವಿಷಯದಲ್ಲಿ ಎರಡು ಕಾರಣ ಇತ್ತು. ಒಂದು ಮೆಟ್ಟಿಲು: ಆ ಅಲ್ಯೂಮಿನಿಯಂ ಬೈಕನ್ನ ಲಗೇಜ್ ತೂಗೋ ಕೊಕ್ಕೆಗೆ ನೇತಾಕಿ ನೋಡಿದ್ರೆ ಪೆಡಲ್ ಸೇರಿ ಹತ್ತೂವರೆ ಕೆಜಿ ಚಿಲ್ಲರೆ ಬಂತು, ಅದನ್ನ ದಿನಾ ಎರಡು ಮಹಡಿ ಹೊತ್ತು ಏರಿಸೋಕೆ ಆ ಸೊಂಟ ಒಪ್ಪಲ್ಲ, ಒಂದೂವರೆ ಎರಡು ಕೆಜಿ ಕಮ್ಮಿಯಾದ್ರೂ ಅವ್ರಿಗೆ ಲೆಕ್ಕಕ್ಕೆ ಬರುತ್ತೆ. ಎರಡನೇದು ಆಸೆ. ನಲವತ್ತೊಂಬತ್ತರಲ್ಲಿ ಒಬ್ಬ ಮನುಷ್ಯ ಸ್ವಂತ ದುಡ್ಡಲ್ಲಿ ಕಾರ್ಬನ್ ಬೈಕ್ ಬೇಕು ಅಂದ್ರೆ ಅದು ತಪ್ಪಾ? ಆಸೆಗೂ ಬಜೆಟಲ್ಲಿ ಒಂದು ಜಾಗ ಇಡಬೇಕು ಅನ್ನೋನು ನಾನು, ಸುಳ್ಳು ಕಾರಣ ಕೊಡಬಾರದು ಅಷ್ಟೇ.

ಸರಿ, ಕಾರ್ಬನ್ನೇ ಅಂತಾಯ್ತು. ಹೊಸದು ಈ ದುಡ್ಡಿಗೆ ಆಗಲ್ಲ, ಅದನ್ನ ಬೇಗ ಬಿಟ್ವಿ. ಹೊರಗಿಂದ ತರಿಸೋ ಸೈಕಲ್ ಮೇಲೆ ಕಸ್ಟಮ್ಸ್ ಡ್ಯೂಟಿ 2023ರ ಬಜೆಟ್‌ನಲ್ಲಿ 30ರಿಂದ 35 ಪರ್ಸೆಂಟ್ ಆಯ್ತು, ಅದರ ಮೇಲೆ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದ್ದು ಒಳ್ಳೇದೇ ಆಯ್ತು, ಆದ್ರೂ ಒಳ್ಳೇ ಬ್ರ್ಯಾಂಡಿನ ಹೊಸಾ ಕಾರ್ಬನ್ ಎಂಡ್ಯೂರೆನ್ಸ್ ಡಿಸ್ಕ್ ಬ್ರೇಕ್ ಬೈಕು 1.4 ಲಕ್ಷದ ಒಳಗೆ ಅನ್ನೋದು ಕನಸಿನ ಮಾತು. ಹೆಸರಿಲ್ಲದ ಓಪನ್ ಮೋಲ್ಡ್ ಫ್ರೇಮ್ ತರಿಸಿ ಕಟ್ಟೋಣ ಅಂತ ಮೇಷ್ಟ್ರ ಸ್ಟೂಡೆಂಟ್ ಒಬ್ಬ ಐಡಿಯಾ ಕೊಟ್ಟ. ಕಟ್ಟೋ ಖುಷಿ ಇರೋರಿಗೆ ಅದು ಸರಿ, ಇವ್ರಿಗಲ್ಲ. ಉಳಿದಿದ್ದು ಸೆಕೆಂಡ್ ಹ್ಯಾಂಡು.

ಇಲ್ಲಿ ಕೊರೋನಾಗೆ ಒಂದು ಥ್ಯಾಂಕ್ಸ್ ಹೇಳ್ಬೇಕು, ಬೇರೆ ಯಾವುದಕ್ಕೂ ಹೇಳೋ ಹಾಗಿಲ್ಲ. 2020-21ರಲ್ಲಿ ಸೈಕಲ್ ಹುಚ್ಚು ಹಿಡಿದು ಬೆಂಗಳೂರಲ್ಲಿ ದುಬಾರಿ ಬೈಕ್ ತಗೊಂಡವ್ರು ಎಷ್ಟೋ ಜನ, ಆಫೀಸ್ ಶುರುವಾದ ಮೇಲೆ ಅವೆಲ್ಲಾ ಬಾಲ್ಕನಿಲಿ ಗೋಡೆಗೆ ನೇತಾಡ್ತಾ ಇವೆ. ಕಿಲೋಮೀಟರ್ ಕಮ್ಮಿ, ಬಿಲ್ ಇರುತ್ತೆ, ಹೆಂಡತಿ "ಜಾಗ ಖಾಲಿ ಮಾಡಿ" ಅಂತಿರ್ತಾಳೆ. ಅಂಥ ಬೈಕೇ ನಮಗೆ ಬೇಕಾಗಿದ್ದಿದ್ದು.

ಹುಡುಕೋ ಮುಂಚೆ ಮೇಷ್ಟ್ರ ಮೈ ಅಳತೆ ತಗೊಂಡ್ವಿ, ಇದನ್ನ ಬಿಟ್ಟು ಹುಡುಕಕ್ಕೆ ಹೋದ್ರೆ ಯಾವ ಬೈಕ್ ನೋಡಿದ್ರೂ ಚಂದನೇ ಕಾಣುತ್ತೆ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಲ್ಸಿ, ತೊಡೆ ಸಂದಿಗೆ ಒಂದು ದಪ್ಪ ಪುಸ್ತಕದ ಬೆನ್ನು ಒತ್ತಿಟ್ಟು ನೆಲದಿಂದ ಅಳೆದ್ರೆ 78 ಸೆಂ.ಮೀ. ಇದನ್ನ 0.883ರಿಂದ ಗುಣಿಸಿದ್ರೆ ಪೆಡಲ್ ತಿರುಗೋ ಕ್ರ್ಯಾಂಕಿನ ನಡುವಿಂದ ಸೀಟಿನ ಮೇಲ್ಭಾಗದ ತನಕ 68.9 ಸೆಂ.ಮೀ. ಬರುತ್ತೆ, ಇದು ಶುರು ಮಾಡೋಕೆ ಒಂದು ಅಂದಾಜು. ಆಮೇಲೆ ಹಳೇ ಹೈಬ್ರಿಡ್‌ನಲ್ಲಿ ಹ್ಯಾಂಡಲ್ ಸೀಟಿಗಿಂತ ಎಷ್ಟು ಮೇಲಿದೆ ಅಳೆದ್ವಿ, ಮಂಡಿ ಬಗ್ಗಿಸದೆ ಕಾಲಿನ ಬೆರಳು ಮುಟ್ಟೋಕೆ ಹೇಳಿದ್ವಿ, ಕೈ ಮೊಣಕಾಲಿಂದ ಒಂದು ಗೇಣು ಕೆಳಗೆ ಹೋಗಿ ನಿಂತೋಯ್ತು. ಅಂದ್ರೆ ಹ್ಯಾಂಡಲ್ಲು ಸೀಟಿನ ಮಟ್ಟದಲ್ಲೋ ಒಂದೆರಡು ಸೆಂ.ಮೀ. ಕೆಳಗೋ ಇರ್ಬೇಕು, ಅದಕ್ಕಿಂತ ಕೆಳಗೆ ಹೋದ್ರೆ ಸೊಂಟ ಕೂಗಾಡುತ್ತೆ.

ಇದರಿಂದ ಹುಡುಕಾಟಕ್ಕೆ ಎರಡು ನಂಬರ್ ಸಿಕ್ತು. ಒಂದು ಸ್ಟ್ಯಾಕ್, ಅಂದ್ರೆ ಕ್ರ್ಯಾಂಕ್ ನಡುವಿಂದ ನೆಟ್ಟಗೆ ಮೇಲಕ್ಕೆ ಹೆಡ್ ಟ್ಯೂಬಿನ (ಹ್ಯಾಂಡಲ್ ಕೂರೋ ಮುಂದಿನ ಪೈಪು) ತುದಿ ಎಷ್ಟು ಎತ್ತರದಲ್ಲಿದೆ ಅನ್ನೋದು, ಇದು 55 ಸೆಂ.ಮೀ. ಆಸುಪಾಸು ಬೇಕು. ಇನ್ನೊಂದು ಫ್ರೇಮಲ್ಲಿ ಟೈರಿಗೆ ಎಷ್ಟು ಜಾಗ ಇದೆ, ಕನಿಷ್ಠ 30 ಮಿ.ಮೀ. ಟೈರು ಹಿಡೀಬೇಕು. ಗೇರು ಯಾವುದು, ಚಕ್ರ ಯಾವುದು, ಬಣ್ಣ ಯಾವುದು, ಎಲ್ಲಾ ಆಮೇಲೆ. ಟೈರಿನ ವಿಷಯ ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ 25ರಿಂದ 30ಕ್ಕೆ ಹೋದ್ರೆ ಬರೀ 5 ಮಿ.ಮೀ. ಅಲ್ವಾ ಅನ್ಸುತ್ತೆ, ಆದ್ರೆ ಟೈರನ್ನ ಅಡ್ಡ ಕೊಯ್ದ್ರೆ ಕಾಣೋ ಗಾಳಿ ಜಾಗ ನಲವತ್ತು ಪರ್ಸೆಂಟಿಗಿಂತ ಜಾಸ್ತಿ ಹೆಚ್ಚಾಗುತ್ತೆ, ಗಾಳಿ ಜಾಸ್ತಿ ಇದ್ರೆ ಒತ್ತಡ ಕಮ್ಮಿ ಇಟ್ಟರೂ ರಿಮ್ಮು ನೆಲಕ್ಕೆ ಬಡಿಯಲ್ಲ, ಒತ್ತಡ ಕಮ್ಮಿ ಆದಷ್ಟು ಸಣ್ಣ ಕಲ್ಲು, ಬಿರುಕು, ತೇಪೆ ಎಲ್ಲಾ ಟೈರಲ್ಲೇ ಮುಗಿದುಹೋಗುತ್ತೆ, ಫ್ರೇಮಿನ ತನಕ ಬರೋದೇ ಇಲ್ಲ. ಫ್ರೇಮನ್ನ ಆಮೇಲೆ ಅಗಲ ಮಾಡೋಕಾಗಲ್ಲ, ಗೇರು ಮಾತ್ರ ಯಾವಾಗ ಬೇಕಾದ್ರೂ ಬದಲಾಯಿಸ್ಬೋದು.

ಮೊದಲು ನೋಡಿದ್ದು ಮೈಸೂರಲ್ಲೇ, 78,000ಕ್ಕೆ ಒಂದು ಕಾರ್ಬನ್ ರೇಸ್ ಬೈಕು, ರಿಮ್ ಬ್ರೇಕು. ರೇಟ್ ನೋಡಿ ಮೇಷ್ಟ್ರ ಮುಖ ಅರಳಿತು. ನಾನು ಸೀಟ್‌ಪೋಸ್ಟ್ ಬಿಚ್ಚಿ ಬಟ್ಟೆಯಲ್ಲಿ ಒರೆಸಿ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದೆ. ಕ್ಲ್ಯಾಂಪ್ ಕೆಳಗೆ ಕೂದಲೆಳೆ ಥರ ಒಂದು ಗೆರೆ. ಬಣ್ಣ ಮಾತ್ರ ಬಿರುಕು ಬಿಟ್ಟಿರಬಹುದು, ಅದಕ್ಕೇ ಒಂದು ರೂಪಾಯಿ ನಾಣ್ಯ ತಗೊಂಡು ಅಲ್ಲಿಂದ ನಾಲ್ಕು ಬೆರಳು ದೂರದಿಂದ ಶುರು ಮಾಡಿ ಟಕ್ ಟಕ್ ಟಕ್ ಅಂತ ತಟ್ಟುತ್ತಾ ಬಂದೆ, ಗೆರೆ ಹತ್ರ ಬರ್ತಿದ್ದ ಹಾಗೆ ಟಕ್ ಹೋಗಿ ದಪ್ ಅಂತು. ಒಳಗೆ ಪದರ ಬಿಟ್ಟಿರೋ ಸದ್ದು. ಯಾರೋ ಟಾರ್ಕ್ ವ್ರೆಂಚ್ ಇಲ್ದೆ ಕೈಬಲದಲ್ಲಿ ಬಿಗಿ ಮಾಡಿದ್ದಾರೆ, ಅಲ್ಲಿ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು ಸಾಕು. ನಾಣ್ಯದ ಪರೀಕ್ಷೆ ನೂರಕ್ಕೆ ನೂರು ಗ್ಯಾರಂಟಿ ಅಲ್ಲ, ಆದ್ರೆ ಅನುಮಾನ ಬಂದ ಮೇಲೆ ತಗೊಳ್ಳೋದ್ಯಾಕೆ? ಆ ಗೆರೆ ಇರದೇ ಇದ್ರೂ ಆ ಬೈಕಿನ ಬ್ರೇಕ್ ಕೆಳಗೆ 25ಕ್ಕಿಂತ ದಪ್ಪ ಟೈರ್ ಹೋಗ್ತಿರಲಿಲ್ಲ.

ಎರಡನೇದು ನಿಜವಾದ ಮೋಹಿನಿ. ಬೆಂಗಳೂರಲ್ಲಿ, 1,25,000, ಡಿಸ್ಕ್ ಬ್ರೇಕು, ಶಿಮಾನೋ ಕಂಪನಿಯ ಅಲ್ಟೆಗ್ರಾ ಎಲೆಕ್ಟ್ರಾನಿಕ್ ಗೇರು, ಬಟನ್ ಒತ್ತಿದ್ರೆ ಝುಂಯ್ ಅಂತ ಗೇರ್ ಬೀಳುತ್ತೆ, ಎತ್ತಿದ್ರೆ ಹೂವಿನ ಹಾಗಿದೆ. ಮೇಷ್ಟ್ರು ಆ ಬಟನ್ ಬಿಡ್ತಾನೇ ಇರಲಿಲ್ಲ, ಸ್ಟ್ಯಾಂಡ್ ಮೇಲೆ ನಿಲ್ಸಿ ಒತ್ತಿ ಒತ್ತಿ ನೋಡ್ತಾ ಇದ್ರು. ನಾನು ಟೇಪ್ ತಗೊಂಡೆ. ಸ್ಟ್ಯಾಕ್ 52 ಚಿಲ್ಲರೆ. ನಮಗೆ ಬೇಕಾದ ಎತ್ತರಕ್ಕೆ ಹ್ಯಾಂಡಲ್ ತರಬೇಕಂದ್ರೆ ಸ್ಟೆಮ್ ಕೆಳಗೆ ಐದು ಸೆಂ.ಮೀ.ಗಿಂತ ಜಾಸ್ತಿ ಸ್ಪೇಸರ್ (ಬಳೆ ಥರದ ಬಿಲ್ಲೆ) ಪೇರಿಸಬೇಕು, ಕಾರ್ಬನ್ ಸ್ಟೀರರ್‌ಗೆ (ಫೋರ್ಕಿಂದ ಸ್ಟೆಮ್ ತನಕ ಬರೋ ಪೈಪು) ಸಾಮಾನ್ಯವಾಗಿ ಕಂಪನಿಗಳು 30-40 ಮಿ.ಮೀ. ಮೇಲೆ ಒಪ್ಪಲ್ಲ, ಅಲ್ದೆ ಈ ಬೈಕಿನ ಸ್ಟೀರರ್ ಆಗಲೇ ಹಿಂದಿನವ್ರು ಕತ್ತರಿಸಿ ಗಿಡ್ಡ ಮಾಡ್ಕೊಂಡಿದ್ರು. ಒಂದು ಸಲ ಕತ್ತರಿಸಿದ ಸ್ಟೀರರ್ ಮತ್ತೆ ಬೆಳೆಯಲ್ಲ. ಸೆಕೆಂಡ್ ಹ್ಯಾಂಡ್ ನೋಡೋರು ಇದನ್ನ ಮೊದಲು ನೋಡಿ, ಫೋಟೋದಲ್ಲೇ ಗೊತ್ತಾಗುತ್ತೆ: ಸ್ಟೆಮ್ ಕೆಳಗೆ ಸ್ಪೇಸರ್ ಒಂದೂ ಇಲ್ಲ ಅಂದ್ರೆ ಮಾರೋರನ್ನ ಕೇಳಿ, ಕಟ್ ಮಾಡಿಸಿದ್ದೀರಾ ಅಂತ.

ವಾಪಸ್ ಬರ್ತಾ ಕಾರಲ್ಲಿ ಮದ್ದೂರು ತನಕ ಮೇಷ್ಟ್ರು ಮಾತೇ ಆಡಲಿಲ್ಲ. ವಡೆ ತಿಂತಾ ಕೇಳಿದ್ರು, "ಅಭ್ಯಾಸ ಆಗಲ್ವೇನಯ್ಯಾ, ಬಗ್ಗೋದು?" ವಿಜಯಪುರ, ಬಾಗಲಕೋಟೆ ಕಡೆ ಹುಡುಗರು ನ್ಯಾಷನಲ್ಸ್‌ಗೆ ಹೋಗೋರು ಹಂಗೇ ಬಗ್ಗಿ ನಾಲ್ಕು ಗಂಟೆ ಹೊಡೀತಾರೆ ಸರ್, ಅವ್ರಿಗೆ ಹದಿನೆಂಟು ವರ್ಷ, ದಿನಾ ಅದೇ ಕೆಲಸ, ನಿಮಗೆ ಇಂಟರ್ನಲ್ಸ್ ಪೇಪರ್ ತಿದ್ದೋದು ಇದೆ ಅಂದೆ. ನಕ್ಕರು, ಆದ್ರೆ ಒಳಗೊಳಗೇ ಬೇಜಾರಾಗಿತ್ತು ಅಂತ ಗೊತ್ತಾಗ್ತಿತ್ತು.

ಸುಮಾರು ಮೂರು ವಾರ ಏನೂ ಸಿಗಲಿಲ್ಲ. ಸಿಕ್ಕ ಡೊಮಾನೆ ಒಂದು ಸೈಜ್ ದೊಡ್ಡದು, ಇನ್ನೊಂದು ಕಡೆ ರೂಬೆ ಹಳೇದು, ಬ್ರೇಕ್ ರಿಮ್ಮು, ರೇಟು ಹೊಸದರ ಹಾಗೆ. ಸೈಜ್ ದೊಡ್ಡದಾದ್ರೂ ಸ್ಟೆಮ್ ಚಿಕ್ಕದು ಹಾಕಿ ಅಡ್ಜಸ್ಟ್ ಮಾಡ್ಕೊಳ್ಳಿ ಅಂತ ಮಾರೋರು ಹೇಳ್ತಾರೆ, ಹೇಳದೇ ಇರ್ತಾರಾ. ಆಮೇಲೆ ಎಚ್‌ಎಸ್‌ಆರ್ ಲೇಔಟಿಂದ ಒಂದು ಜೈಂಟ್ ಡಿಫೈ ಅಡ್ವಾನ್ಸ್ಡ್ ಬಂತು, ಸೈಜ್ ಎಸ್, ಶಿಮಾನೋ 105 ಗೇರು, ಹನ್ನೊಂದು ಸ್ಪೀಡು, ಹೈಡ್ರಾಲಿಕ್ ಡಿಸ್ಕ್, ಕೇಳ್ತಾ ಇದ್ದಿದ್ದು 1,15,000. ಮಾರ್ತಾ ಇದ್ದ ಹುಡುಗ ಸಾಫ್ಟ್‌ವೇರ್, ಲಾಕ್‌ಡೌನ್‌ನಲ್ಲಿ ತಗೊಂಡಿದ್ದು, ಹೆಚ್ಚು ಓಡಿಸೇ ಇಲ್ಲ ಸರ್ ಅಂದ. ಎಲ್ಲರೂ ಹಂಗೇ ಅಂತಾರೆ, ಆದ್ರೆ ಬೈಕ್ ಸುಳ್ಳು ಹೇಳಲ್ಲ. ಸವೆತ ಅಳೆಯೋ ಚೈನ್ ಗೇಜ್ ಹಾಕಿದ್ರೆ 0.5ರ ಕಡೆ ಒಳಗೇ ಇಳೀಲಿಲ್ಲ, ಅಂದ್ರೆ ಸವೆದಿಲ್ಲ, ಬರೀ ತುಕ್ಕು ಹಿಡಿದು ಕೊಂಡಿಗಳು ಗಟ್ಟಿಯಾಗಿವೆ. ಮುಂದಿನ ಹಲ್ಲುಚಕ್ರದ ಹಲ್ಲು ಚೌಕಾಕಾರದಲ್ಲೇ ಇವೆ. ಟೈರಿನ ಮೈ ಬಿಸಿಲಿಗೆ ಒಣಗಿ ಸಣ್ಣ ಸಣ್ಣ ಬಿರುಕು, ಮೇಲ್ಗಡೆ ರಬ್ಬರ್ ಮಾತ್ರ ಹೊಸದರ ಹಾಗೇ. ಅವನು ಹೇಳಿದ್ದೂ ಬೈಕ್ ಹೇಳಿದ್ದೂ ಒಂದೇ ಆಯ್ತು.

ಅಲ್ಲೇ ಬಾಲ್ಕನಿಲಿ ಒಂದು ಗಂಟೆ ಕೂತು ಚೆಕ್ ಮಾಡಿದೆ, ಹುಡುಗನ ಅಮ್ಮ ಎರಡು ಸಲ ಕಾಫಿ ಕೊಟ್ರು. ಚಕ್ರ ಬಿಚ್ಚಿ ಫೋರ್ಕಿನ ಕವಲು, ಚೈನ್ ಬಿದ್ದು ಕೆರೆಯೋ ಬಲಗಡೆ ಚೈನ್‌ಸ್ಟೇ, ಕೆಳಗಿಂದ ಕಲ್ಲು ಹೊಡೆಯೋ ಡೌನ್ ಟ್ಯೂಬು, ಕ್ರ್ಯಾಂಕ್ ಸುತ್ತ, ಎಲ್ಲಾ ಒದ್ದೆ ಬಟ್ಟೆ, ಟಾರ್ಚು, ನಾಣ್ಯ. ಸ್ಟೆಮ್ ಬಿಚ್ಚಿ ಸ್ಟೀರರ್ ಮೇಲೆ ಒತ್ತಿದ ಗುರುತಿದೆಯಾ ನೋಡಿದೆ, ಇರಲಿಲ್ಲ, ಮತ್ತೆ ಸ್ಪೇಸರ್ ಪೂರ್ತಿ ಇತ್ತು, ಕತ್ತರಿಸಿಲ್ಲ. ಜೈಂಟ್ ತಗೊಳ್ಳೋರಿಗೆ ಒಂದು ಮಾತು, ಇವರ ಕೆಲವು ಮೇಲಿನ ಮಾಡೆಲ್‌ಗಳಲ್ಲಿ ಸ್ಟೀರರ್ ಮಾಮೂಲಿಗಿಂತ ದಪ್ಪ, ಒಂದೂಕಾಲು ಇಂಚು, ಅದಕ್ಕೆ ಬೇರೆ ಕಂಪನಿ ಸ್ಟೆಮ್ ಸುಲಭಕ್ಕೆ ಸಿಗಲ್ಲ, ಇದು ಮಾಮೂಲಿ 1⅛ ಇಂಚಿನದೇ ಆಗಿತ್ತು. ಮುಂದಿನ ಬ್ರೇಕ್ ಹಿಡಿದು ಬೈಕನ್ನ ಹಿಂದೆ ಮುಂದೆ ಆಡಿಸಿದ್ರೆ ಹೆಡ್‌ಸೆಟ್ (ಹ್ಯಾಂಡಲ್ ತಿರುಗೋ ಬೇರಿಂಗು) ಸ್ವಲ್ಪ ಕಟಕ್ ಅಂತಿತ್ತು, ಬಿಗಿ ಮಾಡಿದ್ರೆ ಹೋಗುತ್ತೆ. ಹಿಂದಿನ ಬ್ರೇಕ್ ಲಿವರ್ ಸ್ಪಂಜಿನ ಥರ, ಎಣ್ಣೆ ಬದಲಾಯಿಸ್ಬೇಕು. ಫ್ರೇಮ್ ನಂಬರ್ ಬಿಲ್ಲಲ್ಲಿರೋದರ ಜೊತೆ ತಾಳೆ ನೋಡಿದ್ವಿ. ಬಿಲ್ ಇಲ್ಲದ ದುಬಾರಿ ಸೈಕಲ್ ಎಷ್ಟೇ ಚೀಪಾಗಿ ಕೊಟ್ರೂ ಬೇಡ, ಯಾರ ಮನೆಯಿಂದ ಬಂದಿದ್ದೋ. ಹಾಗೇ ಫ್ರೇಮಿನ ವಾರಂಟಿ ಸಾಮಾನ್ಯವಾಗಿ ಮೊದಲನೇ ಮಾಲೀಕರಿಗಷ್ಟೇ, ನಮಗೆ ಸಿಗಲ್ಲ ಅಂತ ಮೇಷ್ಟ್ರಿಗೆ ಅಲ್ಲೇ ಹೇಳಿದೆ, ಅದನ್ನೂ ಸೇರಿಸಿಯೇ ರೇಟ್ ಕಟ್ಟಬೇಕು.

ಸ್ಟ್ಯಾಕ್ ಟೇಪಲ್ಲಿ ಅಳೆದ್ರೆ 55ರ ಹತ್ರ ಬಂತು. ಟೈರ್ ಜಾಗಕ್ಕೆ ಇದ್ದ 28 ಟೈರಿನ ಎರಡೂ ಪಕ್ಕ ಅಲೆನ್ ಕೀ ತೂರಿಸಿ ನೋಡಿದ್ವಿ, ಹಿಂದುಗಡೆ 5 ಮಿ.ಮೀ. ಕೀ ಆರಾಮಾಗಿ ಹೋಯ್ತು, 6ರದ್ದು ತಾಗ್ತಾ ತಾಗ್ತಾ ಹೋಯ್ತು. ಅಂದ್ರೆ 30 ಹಾಕಿದ್ರೂ ಆಚೆ ಈಚೆ 4 ಮಿ.ಮೀ. ಉಳಿಯುತ್ತೆ, ಅದಕ್ಕಿಂತ ಕಮ್ಮಿ ಉಳಿದ್ರೆ ನಾನು ಹಾಕಲ್ಲ, ಮಳೇಲಿ ಒಂದು ಕಲ್ಲು ಟೈರಿಗೆ ಅಂಟ್ಕೊಂಡು ಸುತ್ತಿದ್ರೆ ಕಾರ್ಬನ್ ಒಳಗಡೆ ಕೆರೆದು ಹಾಕುತ್ತೆ. 32 ಬೇಡ ಅಂದೆ. ಗೇರಿನ ಹಲ್ಲು ಹಿಂದೆ 11-34, ಮುಂದೆ 50/34, ಚಾಮುಂಡಿ ಬೆಟ್ಟಕ್ಕೂ ಸೈ, ಬೇಕಂದ್ರೆ ನಂದಿಗೂ ಸೈ, ಮೇಷ್ಟ್ರ ಮಂಡಿ ಉಳ್ಕೊಳುತ್ತೆ. ಅಲ್ಟೆಗ್ರಾ ಅಲ್ಲ, ಬಟನ್ನೂ ಇಲ್ಲ. 105ಕ್ಕೂ ಅದಕ್ಕೂ ಕಾಲಿಗೆ ಗೊತ್ತಾಗೋ ವ್ಯತ್ಯಾಸ ಏನೂ ಇಲ್ಲ ಅನ್ನೋದು ನನ್ನ ಅಭಿಪ್ರಾಯ, ಜಗಳ ಆಡೋರು ಆಡಬಹುದು.

ಚೌಕಾಸಿ ಮೇಷ್ಟ್ರೇ ಮಾಡಿದ್ರು, ಕಾಮರ್ಸ್ ಅಲ್ವಾ. ಟೈರ್ ಹೋಗಿದೆ, ಚೈನ್ ಹೋಗಿದೆ, ಬ್ರೇಕ್ ಸರ್ವೀಸ್ ಅಂತ ಒಂದೊಂದೇ ಬರೆದು ಕಳೀತಾ ಬಂದು 1,02,000ಕ್ಕೆ ನಿಲ್ಸಿದ್ರು. ಚಕ್ರ ಎರಡೂ ಬಿಚ್ಚಿ ಕಾರಿನ ಹಿಂದಿನ ಸೀಟಲ್ಲಿ ಮಲಗಿಸಿ, ಬ್ರೇಕ್ ಪ್ಯಾಡ್‌ಗಳ ಮಧ್ಯೆ ರಟ್ಟು ಮಡಚಿ ಸಿಕ್ಕಿಸಿ ತಂದ್ವಿ, ಚಕ್ರ ಇಲ್ಲದಾಗ ಯಾರಾದ್ರೂ ಲಿವರ್ ಒತ್ತಿಬಿಟ್ರೆ ಪ್ಯಾಡ್‌ಗಳು ಒಂದಕ್ಕೊಂದು ಕಚ್ಕೊಂಡು ಕೂರ್ತವೆ, ಬಿಡಿಸೋದು ತಲೆನೋವು.

ಉಳಿದ 38,000ದಲ್ಲೇ ನಿಜವಾದ ಕಂಫರ್ಟ್ ಕೆಲಸ ಆಗಿದ್ದು. ಮೊದಲು ಸೀಟು. ಬೈಕ್ ಜೊತೆ ಬಂದಿದ್ದು ಚೆನ್ನಾಗೇ ಇತ್ತು, ಆದ್ರೆ ಮೇಷ್ಟ್ರ ಮೂಳೆಗೆ ಸರಿಯಿಲ್ಲ. ಇದನ್ನ ಮನೇಲೇ ಅಳೀಬಹುದು: ಪಾರ್ಸಲ್ ಬಾಕ್ಸಿನ ಏಣುಏಣಿನ ರಟ್ಟು ಒಂದನ್ನ ಗಟ್ಟಿ ಮರದ ಸ್ಟೂಲ್ ಮೇಲೆ ಹಾಕಿ, ತೆಳು ಚಡ್ಡಿಯಲ್ಲಿ ಅದರ ಮೇಲೆ ಕೂತು, ಸ್ವಲ್ಪ ಮುಂದೆ ಬಾಗಿ ಸ್ಟೂಲನ್ನ ಎರಡೂ ಕೈಲಿ ಮೇಲಕ್ಕೆ ಎಳ್ಕೋಬೇಕು. ಎದ್ದ ಮೇಲೆ ರಟ್ಟಲ್ಲಿ ಎರಡು ಕುಳಿ ಬಿದ್ದಿರುತ್ತೆ, ಕೂತ್ಕೊಳೋ ಮೂಳೆಗಳದ್ದು. ಮೇಡಂ ಈ ದೃಶ್ಯ ನೋಡಿ ಅಡುಗೆಮನೆಗೆ ಹೋಗಿ ನಕ್ಕಿದ್ದು ಹೊರಗೆ ಕೇಳಿಸ್ತು. ಕುಳಿಯ ನಡುವಿಂದ ನಡುವಿಗೆ 118 ಮಿ.ಮೀ. ಬಂತು, ಅದಕ್ಕೆ ಒಂದು 20-25 ಸೇರಿಸಿದ್ರೆ 143 ಅಗಲದ ಸೀಟು. ಮೆತ್ತಗೆ ಸೋಫಾ ಥರ ಇರೋದಲ್ಲ, ಗಟ್ಟಿ ತಳ, ಮಧ್ಯೆ ಕೊರೆದಿರೋದು. ಮೆತ್ತಗಿರೋ ಸೀಟು ಹತ್ತು ಕಿಲೋಮೀಟರಿಗೆ ಚಂದ, ಆಮೇಲೆ ಮೂಳೆ ಒಳಗೆ ಹೂತು ಬೇರೆಲ್ಲಾ ಕಡೆ ಒತ್ತುತ್ತೆ. 4,500 ಆಯ್ತು.

ಟೈರು 30 ಮಿ.ಮೀ. ಜೋಡಿ 6,400, ಟ್ಯೂಬು 1,000. ಟ್ಯೂಬ್‌ಲೆಸ್ ಮಾಡಿಸೋಣ್ವಾ ಅಂತ ಕೇಳಿದ್ರು, ತೂತು ಮುಚ್ಚೋ ಸೀಲೆಂಟ್ ಹಾಕೋದು, ಅದು ಒಣಗೋದು, ಇದನ್ನೆಲ್ಲಾ ನೋಡ್ಕೊಳ್ಳೋ ಪೈಕಿ ಮೇಷ್ಟ್ರಲ್ಲ, ಬೇಡ ಅಂದೆ. ಗಾಳಿ ಹಿಂದೆ 70, ಮುಂದೆ 65 ಪಿಎಸ್‌ಐ. ಇದಕ್ಕೂ ಒಂದು ಜಗಳ ಆಯ್ತು, ಯಾಕಂದ್ರೆ ಎರಡನೇ ವಾರ ಬೇರೆ ಕಡೆ ಗಾಳಿ ಹೊಡೆಸೋಕೆ ಹೋಗಿದ್ರಂತೆ, ಅಲ್ಲಿನ ಹುಡುಗ ರೋಡ್ ಬೈಕ್ ಅಂದ ತಕ್ಷಣ ನೂರು ಹೊಡೆದು ಕಳ್ಸಿದ್ದಾನೆ. ಬೈಕ್ ಏನೋ ಹಾಳಾಗಿದೆ ಕಣಯ್ಯಾ, ಮೊದಲಿನ ಹಾಗಿಲ್ಲ ಅಂತ ಫೋನು. ಮೂವತ್ತು ಪಿಎಸ್‌ಐ ಬಿಟ್ಟ ಮೇಲೆ ಬೈಕ್ ಮತ್ತೆ ಸರಿಯಾಯ್ತು. ಈಗ ಗೇಜ್ ಇರೋ ನಿಂತು ಹೊಡೆಯೋ ಪಂಪ್ ಒಂದು ಮನೇಲಿದೆ.

ಸ್ಟೆಮ್ಮು 100 ಮಿ.ಮೀ. ಇದ್ದಿದ್ದನ್ನ 80 ಮಾಡಿದ್ವಿ, ಸೆಕೆಂಡ್ ಹ್ಯಾಂಡ್ ಒಳ್ಳೇದು ಸಿಕ್ತು, 1,500. ದಪ್ಪ ಬಾರ್ ಟೇಪು 1,200, ಚೈನು 2,400, ಬ್ರೇಕ್ ಪ್ಯಾಡು 1,600, ಹೆಡ್‌ಸೆಟ್ ಗ್ರೀಸು ಬ್ರೇಕ್ ಎಣ್ಣೆ ಸರ್ವೀಸ್ ಎಲ್ಲಾ ಸೇರಿ 2,500. ಅದರ ಮೇಲೆ 5,000 ಕೊಟ್ಟು ಬೈಕನ್ನ ಮೈಗೆ ಹೊಂದಿಸೋ ಸರಿಯಾದ ಫಿಟ್ಟಿಂಗ್ ಸೆಷನ್ ಮಾಡಿಸಿದ್ವಿ, ಈ ಐದು ಸಾವಿರಕ್ಕೆ ಮೇಷ್ಟ್ರು ಬಹಳ ಕೊಸರಾಡಿದ್ರು, ನೀನೇ ಮಾಡಯ್ಯಾ ಅಂದ್ರು. ಸೀಟ್ ಎತ್ತರ ನಾನು ಮಾಡ್ತೀನಿ, ಡಿಸ್ಕ್ ತೊಂದರೆ ಇರೋರ ಬೆನ್ನನ್ನ ನಾನು ಮುಟ್ಟಲ್ಲ. ಅಲ್ಲಿ ಸೀಟ್ 68.9ರಿಂದ ಅರ್ಧ ಸೆಂ.ಮೀ. ಇಳೀತು, ಮೊದಲಿನ ಎತ್ತರದಲ್ಲಿ ಕಾಲು ತಲುಪೋದು ಕಷ್ಟ ಆಗಿ ಸೊಂಟ ಎಡಕ್ಕೂ ಬಲಕ್ಕೂ ತೂಗಾಡ್ತಿತ್ತಂತೆ, ಅದೇ ನೋವಿಗೆ ಮೂಲ ಆಗಬಹುದಿತ್ತು. ಕೊನೆಗೆ ಹ್ಯಾಂಡಲ್ಲು ಸೀಟಿಗಿಂತ ಒಂದೂವರೆ ಸೆಂ.ಮೀ. ಕೆಳಗೆ ನಿಂತಿತು.

ಒಟ್ಟು ಲೆಕ್ಕ 1,28,100. ಉಳಿದ 11,900ದಲ್ಲಿ ಪಂಪು, ಮುಂದೆ ಹಿಂದೆ ಲೈಟು, ಬಿಆರ್‌ಎಂಗೆ ಬೇಕಾಗೋ ರಿಫ್ಲೆಕ್ಟರ್ ಜಾಕೆಟ್ಟು, ಹೊಸಾ ಹೆಲ್ಮೆಟ್ಟು. ಮೇಡಂಗೆ ಬಿಲ್ ಎಲ್ಲಾ ಕ್ಲಿಪ್ ಹಾಕಿ ಕೊಟ್ಟಿದ್ದಾರೆ. ಬೈಕ್ ತೂಕ ಅದೇ ಕೊಕ್ಕೆಯಲ್ಲಿ ಪೆಡಲ್ ಸೇರಿ 9 ಕೆಜಿ ಹತ್ರ, ಮೆಟ್ಟಿಲು ಹತ್ತಿಸೋಕೆ ಒಂದೇ ಕೈ ಸಾಕಂತೆ.

200 ಬಿಆರ್‌ಎಂ ಟೈಮಿನೊಳಗೆ ಮುಗಿಸಿದ್ರು, ಕೊನೇ ಕಂಟ್ರೋಲಲ್ಲಿ (ದಾರಿಯ ಚೆಕ್‌ಪೋಸ್ಟು) ಟೀ ಕುಡಿದು ಅರ್ಧ ಗಂಟೆ ಹರಟೆನೂ ಹೊಡೆದಿದ್ದಾರೆ. ಸೊಂಟ ಒಂದು ಮಾತೂ ಆಡಲಿಲ್ಲ ಅಂದ್ರು, ಕುತ್ತಿಗೆ 140 ಕಿ.ಮೀ. ಆದ ಮೇಲೆ ಸ್ವಲ್ಪ ಹಿಡ್ಕೊಂಡಿತ್ತಂತೆ, ಅದು ಅಭ್ಯಾಸ ಆದ್ರೆ ಹೋಗುತ್ತೆ. ಎಡ ಅಂಗೈ ಮರಗಟ್ಟೋದು ಮಾತ್ರ ಪೂರ್ತಿ ಹೋಗಿಲ್ಲ, ಕಿರುಬೆರಳು ಉಂಗುರಬೆರಳು ಎರಡೇ ಜೋಮು, ಅಂದ್ರೆ ಅಂಗೈ ಹೊರ ಅಂಚಿನ ನರದ ಮೇಲೆ ಭಾರ ಬೀಳ್ತಾ ಇದೆ. ಬ್ರೇಕ್ ಲಿವರನ್ನ ಸ್ವಲ್ಪ ಒಳಕ್ಕೆ ತಿರುಗಿಸಿ, ಮೇಲಕ್ಕೆ ಎತ್ತಿ ನೋಡಿದ್ವಿ, ಅರ್ಧ ಕಮ್ಮಿ ಆಯ್ತು. ಈಗಿರೋ ಹ್ಯಾಂಡಲ್ ಬಾರ್ ಅವ್ರ ಭುಜಕ್ಕೆ 42 ಸೆಂ.ಮೀ. ಅಗಲ ಜಾಸ್ತಿ ಅನ್ಸುತ್ತೆ, 40ರದ್ದು, ಮುಂದಕ್ಕೆ ಚಾಚೋದು ಸ್ವಲ್ಪ ಕಮ್ಮಿ ಇರೋದು ಸೆಕೆಂಡ್ ಹ್ಯಾಂಡಲ್ಲಿ ಹುಡುಕ್ತಾ ಇದ್ದೀವಿ. ಮೇಷ್ಟ್ರು ಮಾತ್ರ ಮೊನ್ನೆ ಕಾರ್ಬನ್ ಚಕ್ರದ ರೇಟ್ ಕೇಳ್ತಾ ಇದ್ರು. ಮೇಡಂಗೆ ಹೇಳ್ಲಾ ಅಂದೆ, ಫೋನ್ ಇಟ್ಬಿಟ್ರು.